ಫಿಲ್ಟರಿನ ಒಳಮೈ

ಲಜಪತ್ ನಗರದಲ್ಲಿ ಮೆಟ್ರೋ ಬದಲಿಸುವಾಗ, ಇವತ್ತು ರಜೆ ಹಾಕಿಬಿಡಬಹುದಿತ್ತು ಎಂದು ಸೋಮಶೇಖರನಿಗೆ ಹೊಳೆಯಿತು. ಹೊಳೆದದ್ದೇ ತಡ, ಗಂಟಲು ನಿಜವಾಗಿಯೂ ಕೆರೆಯತೊಡಗಿತು. ನವೆಂಬರಿನ ದಿಲ್ಲಿಯಲ್ಲಿ ಕೆಮ್ಮದವನ ಮೇಲೆಯೇ ಜನಕ್ಕೆ ಅನುಮಾನ. ಒಂದು ಮೆಸೇಜು ಹಾಕಿ, ಕಿದ್ವಾಯಿ ನಗರದ ಕ್ವಾರ್ಟರ್ಸಿಗೆ ವಾಪಸು ಹೋಗಿ ಮುಸುಕೆಳೆದು ಮಲಗಿದರೆ ಯಾರೂ ಯಾಕೆ ಎಂದು ಕೇಳುತ್ತಿರಲಿಲ್ಲ. ಮಧ್ಯಾಹ್ನದ ಮೀಟಿಂಗು ಅವನಿಲ್ಲದೆಯೂ ನಡೆಯುತ್ತಿತ್ತು. ಲ್ಯಾಬಿನ ಹುಡುಗಿ ಧಾರಿಣಿಯ ಕೆಲಸ ಹೋಗುವುದಿದ್ದರೆ ಅವನಿಲ್ಲದೆಯೂ ಹೋಗುತ್ತಿತ್ತು. ಹಾಗೆ ಹೋದರೆ ತನ್ನ ಕಣ್ಣೆದುರು ಹೋದ ಹಾಗಾಗುವುದಿಲ್ಲ ಎಂಬಲ್ಲಿಯವರೆಗೆ ಯೋಚನೆ ಹರಿದು, ಛೀ ಅನ್ನಿಸಿ, ಫರೀದಾಬಾದಿನ ಕಡೆಯ ಗಾಡಿ ಹತ್ತಿದ. ಹತ್ತಿದ ಅನ್ನುವುದಕ್ಕಿಂತ ಹಿಂದಿದ್ದವರು ಹತ್ತಿಸಿದರು. ಕಾಲೇಜು ಹುಡುಗನೊಬ್ಬ ಎದ್ದು ನಿಂತು, 'ಅಂಕಲ್, ಬೈಠಿಯೇ' ಎಂದ. ಇನ್ನೂ ಐವತ್ತು ತುಂಬದ ತನ್ನಲ್ಲಿ ಇವನು ಏನು ಕಂಡ ಎಂದು ರೇಗಿತು. ಬೇಡ ಎನ್ನಲು ಬಾಯಿ ತೆರೆದವನು ಕೂತೇಬಿಟ್ಟ, ಥ್ಯಾಂಕ್ಸ್ ಕೂಡ ಹೇಳಿದ. ಈಚೆಗೆ ಅವನಿಗೆ ಹೀಗೇ ಆಗುತ್ತಿತ್ತು.

ಬೆಳಿಗ್ಗೆ ಹೆಂಡತಿ ಸುಮಿತ್ರಾ ಡಬ್ಬಿ ಕಟ್ಟುತ್ತಾ, 'ಇವತ್ತೇ ಅಲ್ವಾ ಆ ಹುಡುಗಿ ವಿಷಯ? ಏನಾಗುತ್ತೆ ಅವಳದು?' ಎಂದು ಕೇಳಿದ್ದಳು. 'ಏನಾಗುತ್ತೆ, ನೋಡೋಣ' ಎಂದಿದ್ದ. 'ನೋಡೋಣ ಅಂದ್ರೆ? ಅವಳಿಗೆ ಗೈಡ್ ನೀವಲ್ವಾ?' ಅಷ್ಟರಲ್ಲಿ ಮಗಳು ಅದಿತಿ ಕೈಯಲ್ಲಿ ಫೋನು ಹಿಡಿದು ಬಂದು, 'ಪಪ್ಪಾ, ಹವಾ ಆಜ್ ಫಿರ್ ಸೆ ಸಿವಿಯರ್ ಹೈ, ನಮ್ದು ಸ್ಕೂಲ್ ಆನ್‌ಲೈನ್' ಎಂದು ಕುಣಿದಳು. ಗಾಳಿ ಕೆಟ್ಟದ್ದಕ್ಕೆ ಸಂತೋಷಪಡುವ ಮಕ್ಕಳು ಈ ಊರಿನಲ್ಲಿ ಮಾತ್ರ ಇದ್ದಾರು. ಅವಳ ಸಂಭ್ರಮದ ಮರೆಯಲ್ಲಿ ಅವನು ಬಾಗಿಲು ದಾಟಿ ಪಾರಾಗಿದ್ದ. ಆದರೆ ಸುಮಿತ್ರಾಳ ಪ್ರಶ್ನೆ ಲಿಫ್ಟಿನಲ್ಲಿ ಅವನ ಜೊತೆಗೇ ಇಳಿದು ಬಂತು. ದೀಪಾವಳಿಗೆ ಧಾರಿಣಿ ಮನೆಗೆ ಊಟಕ್ಕೆ ಬಂದಿದ್ದಳು. ಫರೀದಾಬಾದಿನ ಪೀಜಿಯಲ್ಲಿ ರಾಜ್ಮಾ ಅನ್ನ ತಿಂದು ಸಾಕಾಗಿದೆ ಎಂದು ಹೋಳಿಗೆಗೆ ಆಸೆಪಟ್ಟು ಬಂದವಳು, ಅಡುಗೆಮನೆಯಲ್ಲಿ ಸುಮಿತ್ರಾಳ ಪಕ್ಕ ನಿಂತು ಅತ್ತಿದ್ದಳು. 'ಆಂಟಿ, ನನ್ನಿಂದ ಸರ್ ಹೆಸರೂ ಹಾಳಾಯ್ತು' ಎಂದದ್ದು ನಡುಮನೆಯಲ್ಲಿ ಕೂತಿದ್ದ ಅವನಿಗೆ ಸ್ಪಷ್ಟವಾಗಿ ಕೇಳಿಸಿತ್ತು. ಅವನು ರಿಮೋಟು ಎತ್ತಿಕೊಂಡು ಟೀವಿಯ ಶಬ್ದ ಸ್ವಲ್ಪ ಜಾಸ್ತಿ ಮಾಡಿದ್ದ.

ಹಾಳಾದದ್ದು ಒಂದು ಸೆಲ್ಲು. ನೋಡಿದವರಿಗೆ ಅದು ಅಂಗೈಯಗಲದ ಪಿಂಗಾಣಿ ಬಿಲ್ಲೆಗಳ ಒಂದು ಅಟ್ಟಿ, ನಡುನಡುವೆ ಉಕ್ಕಿನ ತಗಡು. ಅದನ್ನು ಕುಲುಮೆಯಲ್ಲಿಟ್ಟು ಕೆಂಪಗೆ ಕಾಯಿಸಿ ಒಂದು ಮಗ್ಗುಲಿಗೆ ಹೈಡ್ರೋಜನ್ನು, ಇನ್ನೊಂದು ಮಗ್ಗುಲಿಗೆ ಗಾಳಿ ಬಿಟ್ಟರೆ ಹೊಗೆಯಿಲ್ಲದೆ, ಸದ್ದಿಲ್ಲದೆ ಕರೆಂಟು ಕೊಡುತ್ತದೆ. ಕೊಡುವುದೇನೋ ಎಲ್ಲರ ಸೆಲ್ಲೂ ಕೊಡುತ್ತದೆ. ಎಷ್ಟು ಕಾಲ ಕೊಡುತ್ತದೆ ಎನ್ನುವುದೇ ಪ್ರಶ್ನೆ. ಆ ಬಿಸಿಯಲ್ಲಿ ಉಕ್ಕು ಸುಮ್ಮನಿರುವುದಿಲ್ಲ, ತನ್ನೊಳಗಿನ ಕ್ರೋಮಿಯಮ್ಮನ್ನು ಆವಿಯಾಗಿ ಬಿಡುತ್ತದೆ, ಅದು ಹೋಗಿ ಪಿಂಗಾಣಿಯ ಗಾಳಿ ಮಗ್ಗುಲಿನ ಸಣ್ಣ ಸಣ್ಣ ರಂಧ್ರಗಳಲ್ಲಿ ಕೂತು ಉಸಿರು ಕಟ್ಟಿಸುತ್ತದೆ. ಸೋಮಶೇಖರ ತನ್ನ ನೌಕರಿಯ ಮುಕ್ಕಾಲು ಭಾಗವನ್ನು ಈ ಉಸಿರು ಕಟ್ಟುವುದನ್ನು ನೋಡುವುದರಲ್ಲೇ ಕಳೆದಿದ್ದ. ಆಮೇಲೆ ದಾವಣಗೆರೆಯಿಂದ ಈ ಹುಡುಗಿ ಬಂದಳು. ಉಕ್ಕಿನ ತಗಡಿಗೆ ಮ್ಯಾಂಗನೀಸು, ಕೋಬಾಲ್ಟು ಬೆರೆಸಿದ ಒಂದು ತೆಳು ಲೇಪ ಹಚ್ಚುವ ದಾರಿ ಹುಡುಕಿದಳು. ಹಚ್ಚಿದಳು, ಸುಟ್ಟಳು, ಸಿಡಿದು ಬಿತ್ತು, ಮತ್ತೆ ಹಚ್ಚಿದಳು. ಕಡೆಗೆ ನಿಂತಿತು. ಬೇಸಿಗೆಯಲ್ಲಿ ಶುರುವಾದ ಪರೀಕ್ಷೆಯಲ್ಲಿ ಕಂಪ್ಯೂಟರಿನ ಪರದೆಯ ಮೇಲಿನ ಗೆರೆ ಇಳಿಯಲೇ ಇಲ್ಲ. ಮಳೆಗಾಲ ಕಳೆಯಿತು, ಎರಡು ಸಲ ಕರೆಂಟು ಕೈಕೊಟ್ಟು ಜನರೇಟರಿನ ಮೇಲೆ ನಡೆಯಿತು, ಆದರೂ ಗೆರೆ ಮಲಗಿದ ಹಾಗೇ ಮಲಗಿತ್ತು. ಅಂಥ ಗೆರೆಯನ್ನು ಸೋಮಶೇಖರ ತನ್ನ ಜೀವಮಾನದಲ್ಲಿ ಕಂಡಿರಲಿಲ್ಲ. ಬೆಳಿಗ್ಗೆ ಬಂದವನು ಚೀಲ ಇಳಿಸುವ ಮುಂಚೆ ಹೋಗಿ ಅದನ್ನು ನೋಡುತ್ತಿದ್ದ. ನೋಡಿದಾಗಲೆಲ್ಲ ಖುಷಿಗಿಂತ ಹೆಚ್ಚಾಗಿ ಭಯವಾಗುತ್ತಿತ್ತು.

ಆ ಭಯವೇ ಕೈ ಹಿಡಿದು ಮಾಡಿಸಿತು ಎಂದು ಅವನು ಆಮೇಲೆ ತನಗೆ ತಾನೇ ಹೇಳಿಕೊಂಡ. ಆಯುಧಪೂಜೆಯ ದಿನ. ಮನೆಯಲ್ಲಿ ಸುಮಿತ್ರಾ ಕಾರು, ಮಿಕ್ಸಿ, ಇಸ್ತ್ರಿಪೆಟ್ಟಿಗೆ, ಅದಿತಿಯ ಲ್ಯಾಪ್‌ಟಾಪು ಎಲ್ಲಕ್ಕೂ ಕುಂಕುಮ ಇಟ್ಟು ಕೈಮುಗಿದಳು. 'ಮಿಕ್ಸಿಗೆ ಇವತ್ತಿನಿಂದ ಬುದ್ಧಿ ಬರುತ್ತೆ ಬಿಡು' ಎಂದು ಅವನು ರೇಗಿಸಿದ. ಇಪ್ಪತ್ತು ವರ್ಷದಿಂದ ರೇಗಿಸುತ್ತ ಬಂದದ್ದೇ. ಅವಳು ಒಂದು ಕಾಗದದಲ್ಲಿ ಚಿಟಿಕೆ ವಿಭೂತಿ, ಚಿಟಿಕೆ ಕುಂಕುಮ ಮಡಚಿ ಡಬ್ಬಿಯ ಚೀಲಕ್ಕೆ ಹಾಕಿ, 'ನಿಮ್ಮ ಒಲೆಗೂ ಇಷ್ಟು ಹಚ್ಚಿ, ಗಂಟೇನೂ ಹೋಗಲ್ಲ' ಎಂದಳು. ಲ್ಯಾಬಿಗೆ ರಜೆ, ಆದರೆ ಉರಿಯುವ ಕುಲುಮೆಗೆ ರಜೆಯಿಲ್ಲವಲ್ಲ, ಧಾರಿಣಿ ವರ್ಷಕ್ಕೊಮ್ಮೆ ಹೋಗುವಂತೆ ಊರಿಗೆ ಹೋಗಿದ್ದಳು, ಹಾಗಾಗಿ ಪಾಳಿಗೆ ಅವನೇ ಹೋಗಿದ್ದ. ಗಾಳಿಯ ಫಿಲ್ಟರು ಬದಲಿಸುವ ದಿನವೂ ಅದೇ ಆಗಿತ್ತು. ದಿಲ್ಲಿಯ ಗಾಳಿಯನ್ನು ಸೋಸದೆ ಬಿಟ್ಟರೆ ಆ ಸೆಲ್ಲು ವಾರವೂ ಬಾಳದು. ಅವನು ಪದ್ಧತಿಯಂತೆ ಸಿಲಿಂಡರಿನ ಗಾಳಿಗೆ ತಿರುಗಿಸಿ, ಕಂಪ್ರೆಸರ್ ಕೋಣೆಗೆ ಹೋಗಿ ಕರಿಹಿಡಿದ ಹಳೆಯದನ್ನು ತೆಗೆದು, ಹೊಸದನ್ನು ಪೊಟ್ಟಣದಿಂದ ಬಿಚ್ಚಿದ. ಬೆಳ್ಳಗೆ, ನೆರಿಗೆ ನೆರಿಗೆಯಾಗಿ, ಕಾಗದದ ವಾಸನೆಯ ಹೊಸ ವಸ್ತು. ಹೊಸ ವಸ್ತುವಿಗೆ ಹಾಗೇ ಕೈ ಹಾಕಬಾರದು ಎಂದು ಯಾವ ಕಾಲದಲ್ಲೋ ಯಾರೋ ಕೈಗೆ ಕಲಿಸಿದ್ದು, ತಲೆ ಅದನ್ನು ಎಂದೋ ಮರೆತಿದ್ದರೂ ಕೈ ಮರೆತಿರಲಿಲ್ಲ. ಸುತ್ತ ಯಾರೂ ಇರಲಿಲ್ಲ. ಚೀಲದಿಂದ ಕಾಗದದ ಮಡಿಕೆ ತೆಗೆದು, ಫಿಲ್ಟರಿನ ಅಂಚಿನ ಬಳೆಯ ಮೇಲೆ ಹೆಬ್ಬೆರಳಿನಿಂದ ವಿಭೂತಿ ಎಳೆದು, ಮೇಲೆ ಕುಂಕುಮ ಇಟ್ಟ. ನೀರು ತಾಗಿಸಿದರೆ ಕಾಗದ ಕೆಡುತ್ತದೆ ಎಂದು ವಿಜ್ಞಾನಿಯ ಜಾಗ್ರತೆಯಿಂದ ಒಣದನ್ನೇ ಇಟ್ಟ. ಕಣ್ಣು ಮುಚ್ಚಿ, ಇದೊಂದು ತಾಳಲಿ, ಎಂದ. ಯಾರಿಗೆ ಹೇಳಿದ್ದೆಂದು ಗೊತ್ತಿಲ್ಲ. ಕೂಡಲೇ ನಾಚಿಕೆಯಾಗಿ, ಯಾರೋ ಬಂದುಬಿಟ್ಟಾರು ಎಂದು ಗಡಬಡಿಸಿ ಫಿಲ್ಟರು ಕೂರಿಸಿ, ಮುಚ್ಚಳ ತಿರುಗಿಸಿ ಹೊರಗೆ ಬಂದ.

ಫಿಲ್ಟರಿಗೆ ಎರಡು ಮೈ. ಹೊರಮೈ ಕೊಳೆ ಗಾಳಿಗೆ, ಒಳಮೈ ಸೋಸಿದ ಗಾಳಿಗೆ. ಹೊರಮೈಗೆ ಇಟ್ಟಿದ್ದರೆ ಚಿಂತೆಯಿಲ್ಲ, ದಿಲ್ಲಿಯ ಧೂಳಿನ ಜೊತೆ ಅದೂ ಅಲ್ಲೇ ನಿಲ್ಲುತ್ತಿತ್ತು. ಒಳಮೈಗೆ ಇಟ್ಟಿದ್ದರೆ ಆ ಒಣಬೂದಿಯನ್ನು ಗಾಳಿ ಕಣಕಣವಾಗಿ ಎತ್ತಿಕೊಂಡು ನೇರವಾಗಿ ಕಾದ ಪಿಂಗಾಣಿಯ ಮೇಲೆ ಹಾಕಿರುತ್ತದೆ. ಬೂದಿಯಲ್ಲಿರುವ ಪೊಟ್ಯಾಸಿಯಮ್ಮು, ಕ್ಯಾಲ್ಸಿಯಮ್ಮು ಆ ಬಿಸಿಯಲ್ಲಿ ಏನೇನು ಮಾಡಬಲ್ಲವು ಎಂದು ಅವನಿಗಿಂತ ಚೆನ್ನಾಗಿ ಬಲ್ಲವರು ಫರೀದಾಬಾದಿನಲ್ಲಿ ಯಾರೂ ಇರಲಿಲ್ಲ. ದಸರೆ ಮುಗಿದು ಧಾರಿಣಿ ಊರಿನಿಂದ ಬೆಣ್ಣೆ ಬಿಸ್ಕತ್ತು ತರುವ ಹೊತ್ತಿಗೆ ಗೆರೆ ಜಾರತೊಡಗಿತ್ತು. ಆಮೇಲೆ ಇಳಿಯಿತು, ಆಮೇಲೆ ಬಿತ್ತು. ಕುಲುಮೆ ಆರಿಸಿ, ಸೆಲ್ಲು ಒಡೆದು, ತುಂಡನ್ನು ಪರೀಕ್ಷೆಗೆ ಕಳಿಸುವಾಗ ಏನೇನು ಹುಡುಕಬೇಕೆಂದು ಹೇಳಿದವನೂ ಅವನೇ. ಕ್ರೋಮಿಯಂ ಹೇಳಿದ, ಗಂಧಕ ಹೇಳಿದ, ಸಿಲಿಕಾನ್ ಹೇಳಿದ. ಅಲ್ಲಿಗೆ ನಿಲ್ಲಿಸಿದ. ಕ್ರೋಮಿಯಂ ಸ್ವಲ್ಪ ಸಿಕ್ಕಿತು. ಹುಡುಕಿದರೆ ಅದು ಎಲ್ಲರ ಸೆಲ್ಲಿನಲ್ಲೂ ಸಿಗುತ್ತದೆ. ಲೇಪ ಕೈಕೊಟ್ಟಿತು ಎಂದು ಎಲ್ಲರೂ ಹೇಳಿದರು, ಧಾರಿಣಿಯೂ ಹೇಳಿದಳು. ಯಾವ ಮೈಗೆ ಇಟ್ಟೆ ಎನ್ನುವುದು ಅವನಿಗೆ ನಿಜಕ್ಕೂ ನೆನಪಿರಲಿಲ್ಲ. ಫಿಲ್ಟರು ಅಲ್ಲೇ ಇತ್ತು, ಮುಚ್ಚಳ ತಿರುಗಿಸಿದರೆ ಗೊತ್ತಾಗುತ್ತಿತ್ತು. ಗೊತ್ತಾಗುತ್ತದೆ ಎಂದೇ ಅವನು ಆ ಕೋಣೆಯ ಕಡೆ ಸುಳಿದಿರಲಿಲ್ಲ.

ಬಾಟಾ ಚೌಕದಲ್ಲಿ ಇಳಿದು ಇ-ರಿಕ್ಷಾದಲ್ಲಿ ಗೇಟು ತಲುಪುವಷ್ಟರಲ್ಲಿ ಕಣ್ಣು ಉರಿಯುತ್ತಿತ್ತು. ಧಾರಿಣಿ ಮೀಟಿಂಗಿಗೆಂದು ಸೀರೆ ಉಟ್ಟು ಬಂದಿದ್ದಳು. ಮೇಲೆ ಲ್ಯಾಬಿನ ಕೋಟು, ಕಾಲಿಗೆ ಲ್ಯಾಬಿನ ದಪ್ಪ ಬೂಟು. ಈ ವೇಷದಲ್ಲಿ ಅವಳು ತುಂಬ ಚಿಕ್ಕವಳಾಗಿ ಕಂಡಳು.

'ಸರ್, ಚಹಾ ಆಯ್ತಾ? ಸ್ಲೈಡ್ಸ್ ಒಂದ್ಸಲ ನೋಡಿಬಿಡಿ. ಕಾರಣಗಳ ಸ್ಲೈಡನ್ನ ನಾನೇ ಬದಲಾಯಿಸಿದೀನಿ.'

'ಏನಂತ?'

'ನನ್ನ ತಪ್ಪು ಅಂತಾನೇ ಹಾಕಿದೀನಿ. ಎರಡು ತಗಡಿನ ಮೂಲೇಲಿ ಲೇಪ ತೆಳುವಾಗಿತ್ತಲ್ಲ, ಜೋಡಿಸೋ ಮುಂಚೇನೇ ನೋಡಿದ್ದೆ. ಅದನ್ನ ಬಿಟ್ಟು ಬೇರೆ ಕಾರಣ ನನಗಂತೂ ಕಾಣಲಿಲ್ಲ. ನೀವೇ ಹೇಳಿಕೊಟ್ಟಿದ್ದಲ್ವಾ ಸರ್, ಮೊದಲು ನಮ್ಮ ಕೆಲಸದಲ್ಲಿ ತಪ್ಪು ಹುಡುಕಬೇಕು ಅಂತ.'

ಆ ತೆಳು ಮೂಲೆಯನ್ನು ಸೂಕ್ಷ್ಮದರ್ಶಕದಲ್ಲಿ ಅವನೂ ನೋಡಿದ್ದ. ನಡೆಯುತ್ತದೆ, ಜೋಡಿಸು, ಎಂದದ್ದು ಅವನು. ಅದು ಅವಳ ಸ್ಲೈಡಿನಲ್ಲಿ ಇರಲಿಲ್ಲ. 'ನಾನು ನಡೆಯುತ್ತೆ ಅಂದಿದ್ದೆನಲ್ಲಾ' ಎಂದ. 'ಅದನ್ನೆಲ್ಲ ಯಾಕೆ ಸರ್ ಹಾಕೋದು' ಎಂದು ಅವಳು ಪರದೆಯ ಕಡೆ ತಿರುಗಿದಳು. ಅವಳ ಕುತ್ತಿಗೆಯ ಹಿಂದೆ ಸೀರೆಯ ಪಿನ್ನು ಸೊಟ್ಟಗಾಗಿತ್ತು. ಹೇಳಬೇಕೆನ್ನಿಸಿತು, ಹೇಳಲಿಲ್ಲ. ಅವಳು ಈ ಲೇಪದ ಮೇಲೆಯೇ ಪಿಎಚ್‌ಡಿಗೆ ಹೆಸರು ನೋಂದಾಯಿಸಿದ್ದಳು. ಇವತ್ತು ಲೇಪವನ್ನು ಕೈಬಿಟ್ಟರೆ ಅವಳ ನೇಮಕವೂ ತಿಂಗಳ ಕೊನೆಗೆ ಮುಗಿಯುತ್ತದೆ. ಹೊರದೇಶದಿಂದ ಲೇಪ ಹಚ್ಚಿದ ತಗಡನ್ನೇ ತರಿಸೋಣ ಎಂದು ಮುಖ್ಯಸ್ಥ ವಧ್ವಾ ಆಗಲೇ ಎರಡು ಸಲ ಅಂದಾಗಿತ್ತು. ಈಗ ಒಂದು ಮಾತು ಅಂದರೆ ಸಾಕು. ವಿಭೂತಿ ಎಂಬ ಶಬ್ದ ಬಾಯಿಗೆ ಬಂದು, ಅದನ್ನು ತಾನು ಹೇಳಿದರೆ ಈ ಹುಡುಗಿಯ ಮುಖ ಹೇಗಾಗಬಹುದು ಎಂದು ಊಹಿಸಲು ಹೋಗಿ, ಆ ಶಬ್ದ ಅಲ್ಲೇ ನಿಂತಿತು. ಕೈ ತೊಳೆದು ಬರುತ್ತೇನೆ ಎಂದು ಎದ್ದ.

ಎದ್ದವನು ಕಂಪ್ರೆಸರ್ ಕೋಣೆಗೆ ಹೋದ. ಯಂತ್ರ ನಿಂತು ಬಹಳ ದಿನವಾಗಿ ಅಲ್ಲಿ ಎಣ್ಣೆಯ ವಾಸನೆ ತಣ್ಣಗೆ ನಿಂತಿತ್ತು. ಬಾಗಿಲಿನ ಮೇಲೆ ಅವನೇ ಬರೆಸಿ ಅಂಟಿಸಿದ ಕಾಗದ: ಒಳಗೆ ಸೆಂಟು, ಸೊಳ್ಳೆಬತ್ತಿ, ಬೀಡಿ, ಯಾವುದೂ ಕೂಡದು. ಕೆಲವು ವರ್ಷದ ಹಿಂದೆ ಈ ಕುಲುಮೆ ಮೊದಲ ಸಲ ಉರಿಸಿದ ದಿನ ವಧ್ವಾ ತೆಂಗಿನಕಾಯಿ ತರಿಸಿದಾಗ, ಇದು ಪ್ರಯೋಗಶಾಲೆ, ಗುಡಿಯಲ್ಲ, ಎಂದು ಎಲ್ಲರೆದುರು ಒಂದು ಸಣ್ಣ ಭಾಷಣ ಮಾಡಿದ್ದ. ಕಾಯಿಯನ್ನು ಗೇಟಿನ ಹೊರಗೆ ಒಯ್ದು ಒಡೆಯಬೇಕಾಯಿತು. ಅಂದಿನಿಂದ ವಧ್ವಾನಿಗೆ ಅವನು 'ನಾಸ್ತಿಕ್ ಜೀ'. ಕನ್ನಡ ಸಂಘದವರು ಮೂಢನಂಬಿಕೆಯ ಮೇಲೆ ಮಾತಾಡಲು ಅವನನ್ನು ಕರೆದು ಶಾಲು ಹೊದಿಸಿದ್ದರು. ಆ ಶಾಲು ಈಗಲೂ ಬೀರುವಿನಲ್ಲಿತ್ತು. ಮುಚ್ಚಳಕ್ಕೆ ಕೈಯಿಟ್ಟು ಸ್ವಲ್ಪ ಹೊತ್ತು ನಿಂತ. ಹೊರಮೈಗೆ ಇಟ್ಟಿರುತ್ತೇನೆ, ಇಷ್ಟು ವರ್ಷದ ಅಭ್ಯಾಸ, ಅಂಥ ತಪ್ಪು ಹೇಗಾದೀತು ಎಂದುಕೊಂಡ. ಹಾಗಿದ್ದರೆ ಎಲ್ಲ ಸರಿ: ಲೇಪದ್ದೇ ತಪ್ಪು, ಅವಳು ಹೇಳುತ್ತಿರುವುದೇ ನಿಜ, ತಾನು ಇಷ್ಟು ದಿನ ನರಳಿದ್ದು ಬರೀ ದಂಡ. ಅವಳ ಲೇಪ ಕೆಟ್ಟಿರಲಿ ಎಂದು ತಾನು ಹಾರೈಸುತ್ತಿದ್ದೇನೆ ಎಂದು ತಿಳಿದು ಮೈ ಬಿಸಿಯಾಯಿತು. ಮುಚ್ಚಳ ತಿರುಗಿಸಿದ. ಫಿಲ್ಟರು ಹೊರಗೆ ಎಳೆದ.

ಕುಂಕುಮ ಒಳಮೈಯ ಬಳೆಯ ಮೇಲಿತ್ತು. ಸ್ವಲ್ಪ ಮಾಸಿತ್ತು, ಆದರೂ ಬೆರಳಿನ ಗುರುತು ಕಾಣುವಷ್ಟು ಕೆಂಪಗಿತ್ತು. ಅದರ ಕೆಳಗೆ ಎಳೆದ ವಿಭೂತಿ ಇರಲಿಲ್ಲ. ನೆರಿಗೆಯ ಸಂದಿಯಲ್ಲಿ ಕೂತ ಒಂದು ಬಿಳಿ ಎಳೆ ಬಿಟ್ಟರೆ ಪೂರ್ತಿ ಹೋಗಿತ್ತು. ಎಲ್ಲಿಗೆ ಹೋಗಿತ್ತೆಂದು ಅವನಿಗೆ ಗೊತ್ತಿತ್ತು. ಬಹಳ ಹೊತ್ತು ನೋಡುತ್ತ ನಿಂತಿದ್ದೆ ಎಂದು ಅನ್ನಿಸಿತು. ಹಾಗೇ ಹಿಡಿದುಕೊಂಡು ಹೋಗಿ ಧಾರಿಣಿಯ ಮುಂದೆ ಇಡಬೇಕು ಎಂದುಕೊಂಡ. ಹೋಗಿ ಇಡುವುದು ಎಷ್ಟು ಸುಲಭ ಎಂದೂ ಅನ್ನಿಸಿತು. ಆಗ ಹೊರಗೆ ಓಣಿಯಲ್ಲಿ ಯಾರದೋ ಹೆಜ್ಜೆ ಸದ್ದಾಯಿತು. ಕೈ ತಾನಾಗಿ ಜೇಬಿಗೆ ಹೋಗಿ ಟಿಶ್ಯೂ ತೆಗೆಯಿತು. ಅವನು ಒರೆಸಿದ. ಹೆಜ್ಜೆ ಮುಂದೆ ಹೋಯಿತು, ಆದರೂ ಒರೆಸುವುದನ್ನು ನಿಲ್ಲಿಸಲಿಲ್ಲ. ಬಳೆಯನ್ನು ಸುತ್ತಲೂ, ನೆರಿಗೆಯ ಸಂದಿಯನ್ನೂ, ಶುಭ್ರವಾಗಿ ಒರೆಸಿ, ಶೌಚಾಲಯಕ್ಕೆ ಹೋಗಿ ಟಿಶ್ಯೂವನ್ನು ನೀರಿನಲ್ಲಿ ಬಿಟ್ಟು, ಅದು ಪೂರ್ತಿ ಹೋಗುವ ತನಕ ಬಗ್ಗಿ ನೋಡಿದ. ಕನ್ನಡಿಯಲ್ಲಿ ಮುಖ ಎಂದಿನ ಹಾಗೇ ಇತ್ತು. ಪೂಜೆ ಮಾಡಿದ್ದನ್ನು ತಪ್ಪು ಎಂದು ಯಾರೂ ಅನ್ನುವುದಿಲ್ಲ, ಇದನ್ನು ಏನೆಂದು ಕರೆಯುವುದು ಎಂದು ಸೋಪು ಹಚ್ಚಿಕೊಳ್ಳುತ್ತ ಯೋಚಿಸಿದ.

ಮೀಟಿಂಗಿಗೆ ಹಣ ಕೊಡುವ ಇಲಾಖೆಯಿಂದ ಇಬ್ಬರು ಬಂದಿದ್ದರು, ಒಬ್ಬರು ವಯಸ್ಸಾದವರು, ಇನ್ನೊಬ್ಬರು ಮೊಬೈಲಿನಿಂದ ತಲೆ ಎತ್ತದವರು. ವಧ್ವಾ ಸಮೋಸ ತರಿಸಿದ್ದ. ಧಾರಿಣಿ ನಿಂತು ಹೇಳಿದಳು. ಅವಳ ಇಂಗ್ಲಿಷು ಗಾಬರಿಯಲ್ಲಿ ಎಡವುತ್ತಿತ್ತು, ಆದರೆ ವಿಷಯ ಎಡವಲಿಲ್ಲ. ಬೇಸಿಗೆಯಿಂದ ಮಲಗಿದ್ದ ಗೆರೆ ಪರದೆಯ ಮೇಲೆ ಬಂದಾಗ ವಯಸ್ಸಾದವರು ಸಮೋಸ ಕೆಳಗಿಟ್ಟು ಕನ್ನಡಕ ಏರಿಸಿಕೊಂಡರು. 'ಬಹುತ್ ಅಚ್ಛಾ. ಫಿರ್ ಕ್ಯಾ ಹುವಾ?' ಎಂದರು. ಧಾರಿಣಿ ಮುಂದಿನ ಸ್ಲೈಡು ತೆರೆದು, ಮೂಲೆಯಲ್ಲಿ ಲೇಪ ತೆಳುವಾಗಿತ್ತು, ನಾನು ಅದನ್ನು ಕಂಡೂ ಬಿಟ್ಟೆ, ತಪ್ಪು ನನ್ನದು, ಎಂದಳು. ಬೇರೆ ಯಾರ ಹೆಸರನ್ನೂ ಹೇಳಲಿಲ್ಲ. ಹೇಳಿ ಮುಗಿಸಿ, ಶಾಲೆಯ ಹುಡುಗಿಯ ಹಾಗೆ ಕೈ ಕಟ್ಟಿಕೊಂಡಳು. ವಧ್ವಾ ಒಂದು ಉಸಿರು ಬಿಟ್ಟು, 'ಚಲೋ, ಪ್ರಾಮಾಣಿಕವಾಗಿ ಒಪ್ಪಿಕೊಂಡಳು. ಹಾಗಾದರೆ ತಗಡನ್ನು ಹೊರಗಿನಿಂದ ತರಿಸುವುದೇ ಸರಿ' ಎಂದ. ಅಷ್ಟು ಬೇಗ ಮುಗಿಯಿತು. ಅವಳು ಸುಟ್ಟದ್ದು, ಸಿಡಿದದ್ದು, ಮತ್ತೆ ಹಚ್ಚಿದ್ದು ಎಲ್ಲ ಒಂದು ಚಲೋದಲ್ಲಿ ಮುಗಿಯಿತು. ಸೋಮಶೇಖರನಿಗೆ ತನ್ನ ಧ್ವನಿಯೇ ಕೇಳಿಸಿತು.

'ವಧ್ವಾ ಸಾಬ್, ಲೇಪದ ತಪ್ಪಲ್ಲ. ಮೈನೇ ಪೂಜಾ ಕೀ ಥೀ.'

ಎಲ್ಲರೂ ಅವನ ಕಡೆ ತಿರುಗಿದರು. ಅವನು ಹೇಳಿದ. ಆಯುಧಪೂಜೆ, ಹೊಸ ಫಿಲ್ಟರು, ಒಣ ವಿಭೂತಿ, ಒಳಮೈ. ಹಿಂದಿಯಲ್ಲಿ ವಿಭೂತಿಗೆ ಭಸ್ಮ ಎಂದ, ಅದನ್ನು ಹೇಳುವಾಗ ಕಿವಿಯ ತುದಿ ಸುಟ್ಟ ಹಾಗಾಯಿತು. ಆಮೇಲೆ ವಧ್ವಾ ನಗತೊಡಗಿದ. ಗೇಲಿಯ ನಗುವಲ್ಲ, ಪ್ರೀತಿಯ ನಗು.

'ಆಪ್ ನೇ? ಪೂಜಾ? ಕಾಯಿಯನ್ನು ಗೇಟಿನ ಹೊರಗೆ ಒಡೆಸಿದ ಶೇಖರ್ ಜೀ ಪೂಜೆ ಮಾಡಿದರಂತೆ, ಕೇಳಿದಿರಾ?' ಎಂದು ಇಲಾಖೆಯವರಿಗೆ ಆ ಕಾಯಿಯ ಕಥೆಯನ್ನು ಪೂರ್ತಿ ಹೇಳಿದ. ಮೊಬೈಲಿನವರೂ ತಲೆ ಎತ್ತಿ ನಕ್ಕರು. ವಯಸ್ಸಾದವರು ಮಾತ್ರ ನಗದೆ, 'ಫಿಲ್ಟರ್ ಇದೆಯಲ್ಲ, ತರಿಸಿ' ಎಂದರು. ಅಟೆಂಡರು ಹೋಗಿ ತಂದು ಸಮೋಸದ ತಟ್ಟೆಯ ಪಕ್ಕ ಇಟ್ಟ. ಹೊರಮೈ ದಿಲ್ಲಿಯಷ್ಟೇ ಕಪ್ಪಗಿತ್ತು, ಒಳಮೈ ಬೆಳ್ಳಗೆ ಹೊಳೆಯುತ್ತಿತ್ತು. ಅವರು ತಿರುಗಿಸಿ ತಿರುಗಿಸಿ ನೋಡಿದರು. 'ಏನೂ ಇಲ್ಲವಲ್ಲ.'

'ಬೆಳಿಗ್ಗೆ ನಾನೇ ಒರೆಸಿದೆ' ಎಂದ ಸೋಮಶೇಖರ.

ಅದು ಎಷ್ಟು ಕೆಟ್ಟ ಸುಳ್ಳಿನ ಹಾಗೆ ಕೇಳಿಸಿತೆಂದರೆ ಅವನಿಗೇ ನಂಬಿಕೆ ಬರಲಿಲ್ಲ. ವಧ್ವಾ ಎದ್ದು ಬಂದು ಅವನ ಹೆಗಲ ಮೇಲೆ ಕೈಯಿಟ್ಟ. 'ದಿಲ್ ಬಡಾ ಹೈ ಆಪ್ ಕಾ. ನಿಮ್ಮ ಊರಿನ ಹುಡುಗಿ, ನಿಮ್ಮ ಸ್ಟೂಡೆಂಟು. ನನಗೆ ಅರ್ಥವಾಗುತ್ತದೆ. ಆದರೆ ಇದಕ್ಕಾಗಿ ನೀವು ದೇವರನ್ನು ನಂಬಬೇಕಾಗಿರಲಿಲ್ಲ' ಎಂದ. ಈ ಸಲ ವಯಸ್ಸಾದವರೂ ನಕ್ಕರು. ಲೇಪ ಕೈಬಿಡುವುದು ಸರಿ, ಆದರೆ ಇಂಥ ಗುರು ಇಷ್ಟು ಹೇಳಿದ ಮೇಲೆ ಹುಡುಗಿಗೆ ಬರೆದು ಮುಗಿಸಲು ಮಾರ್ಚಿನವರೆಗೆ ಸಮಯ ಕೊಡೋಣ ಎಂದು ತೀರ್ಮಾನವಾಯಿತು. ಸೆಲ್ಲಿನ ಅರ್ಧ ತುಂಡು ಇನ್ನೂ ಉಳಿದಿದೆ, ಅದರಲ್ಲಿ ಪೊಟ್ಯಾಸಿಯಂ ಹುಡುಕಿಸಿ, ಎಂದು ಅವನು ಹೇಳಬಹುದಿತ್ತು. ಹೇಳಬೇಕಾಗಿದ್ದದ್ದೂ ಅದೇ. ಹೆಗಲ ಮೇಲಿನ ಕೈ ಬೆಚ್ಚಗಿತ್ತು. ತಾನು ಹೇಳುವುದನ್ನು ಹೇಳಿಯಾಯಿತು, ನಂಬದಿದ್ದರೆ ಅದು ಅವರ ಹಣೆಬರಹ ಎಂಬ ಒಂದು ಹಗುರ ಅವನ ಎದೆಗೆ ಇಳಿಯಿತು. ತಟ್ಟೆಯಿಂದ ಸಮೋಸ ತೆಗೆದುಕೊಂಡು ತಿಂದ. ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ, ರುಚಿಯಾಗಿತ್ತು.

ಸಂಜೆ ಗೇಟಿನ ಹತ್ತಿರ ಇ-ರಿಕ್ಷಾಕ್ಕೆ ಕಾಯುತ್ತಿದ್ದಾಗ ಧಾರಿಣಿ ಹಿಂದಿನಿಂದ ಓಡಿ ಬಂದಳು. ಕೋಟು ತೆಗೆದಿದ್ದಳು, ಬೂಟು ಬದಲಿಸಲು ಮರೆತಿದ್ದಳು. ಹೊಗೆಯಲ್ಲಿ ಎದುರಿನ ಫ್ಯಾಕ್ಟರಿಯ ಗೋಡೆಯೂ ಕಾಣುತ್ತಿರಲಿಲ್ಲ.

'ಸರ್, ಒಂದು ಮಾತು. ನೀವು ನನಗೆ ನಿಜ ಹೇಳ್ಬೇಕು.'

'ಕೇಳು.'

'ನೀವು ನಿಜವಾಗ್ಲೂ ವಿಭೂತಿ ಇಟ್ಟಿದ್ರಾ?' ಅವಳು ಏದುಸಿರು ಬಿಡುತ್ತಿದ್ದಳು. 'ಅವರೆಲ್ಲ ನಕ್ಕರು. ನನಗೆ ನಗು ಬರಲಿಲ್ಲ ಸರ್. ಆ ಅರ್ಧ ತುಂಡು ನನ್ನ ಹತ್ರಾನೇ ಇದೆ. ಯೂನಿವರ್ಸಿಟೀಲಿ ನನ್ನ ಫ್ರೆಂಡ್ ಇದಾಳೆ, ನಾಳೇನೇ ನೋಡಿಸ್ತೀನಿ. ಪೊಟ್ಯಾಸಿಯಂ ಸಿಕ್ಕಿದ್ರೆ ಮುಗೀತು, ನನ್ನ ಲೇಪ ಸರಿಯಾಗೇ ಇತ್ತು ಅಂತ. ಅಲ್ವಾ ಸರ್?'

ಅವಳ ಮುಖದಲ್ಲಿ ಆಸೆ ಇತ್ತು. ಊರಿನಿಂದ ಬಿಸ್ಕತ್ತು ತಂದ ದಿನದ ನಂತರ ಆ ಮುಖದಲ್ಲಿ ಅವನು ಅದನ್ನು ಕಂಡಿರಲಿಲ್ಲ. ಹೌದು ಎನ್ನಲು ಬಾಯಿ ತೆರೆದ. ಅಷ್ಟರಲ್ಲಿ ಅವಳ ಹುಬ್ಬು ಒಂದಿಷ್ಟು ಗಂಟಿಕ್ಕಿತು. ಲೆಕ್ಕ ಮಾಡುವಾಗ ಅವಳಿಗೆ ಹಾಗಾಗುತ್ತಿತ್ತು.

'ಆದರೆ ಸರ್, ಹಾಗಾದ್ರೆ... ನಿಮ್ಮನೇಲಿ ನಾನು ಆಂಟಿ ಹತ್ರ ಅತ್ತೆನಲ್ಲ, ಆಗಲೇ ನಿಮಗೆ ಗೊತ್ತಿತ್ತು. ತುಂಡು ಕಳಿಸುವಾಗ ಏನೇನು ನೋಡ್ಬೇಕು ಅಂತ ನೀವೇ ಹೇಳಿದ್ರಿ. ಆಗಲೂ ಗೊತ್ತಿತ್ತು.' ಆರೋಪದ ಧ್ವನಿಯಲ್ಲ, ಎರಡು ಅಂಕಿ ಕೂಡಿಸಿ ಬಂದ ಮೊತ್ತವನ್ನು ನಂಬದವಳ ಧ್ವನಿ. 'ಬೆಳಿಗ್ಗೆ ನಾನು ಸ್ಲೈಡ್ ತೋರಿಸಿದಾಗಲೂ.'

ಒಳಗೆ ಅವರ ಮುಂದೆ ಅವನು ಒಪ್ಪಿಕೊಂಡದ್ದು ಒಂದು ಚಿಟಿಕೆ ಬೂದಿಯನ್ನು. ಇವಳು ಕೇಳುತ್ತಿದ್ದುದು ಬೇರೆ. ಅದಕ್ಕೆ ಹೌದು ಎಂದರೆ ಈ ಹುಡುಗಿ ಇನ್ನು ಮೇಲೆ ಅವನನ್ನು ನೋಡುವ ರೀತಿ ಹೇಗಿರುತ್ತದೆಂದು ಅವನಿಗೆ ಈಗಲೇ ಅವಳ ಕಣ್ಣಂಚಿನಲ್ಲಿ ಕಾಣಿಸುತ್ತಿತ್ತು. ತುಂಡು ಅವಳ ಹತ್ತಿರ ಇದೆ. ನಾಳೆ ಗೊತ್ತಾಗುತ್ತದೆ. ಲೇಪ ಉಳಿಯುತ್ತದೆ, ಇವಳು ಉಳಿಯುತ್ತಾಳೆ. ಒಂದು ಹೌದು ಸಾಕು. ಹೆದರಿಕೆಯಾಯಿತು, ಮಗುವಿಗೆ ಕತ್ತಲೆಯಲ್ಲಿ ಆಗುವಂಥ ಶುದ್ಧ ಹೆದರಿಕೆ.

'ಇಲ್ಲಮ್ಮ' ಎಂದ ಸೋಮಶೇಖರ. ಧ್ವನಿ ಅವನು ಅಂದುಕೊಂಡದ್ದಕ್ಕಿಂತ ಮೃದುವಾಗಿ ಬಂತು. 'ನಾನೆಲ್ಲಿ ಪೂಜೆ ಮಾಡೋನು. ನಿನ್ನ ಕೆಲಸ ಉಳೀಲಿ ಅಂತ ಹೇಳಿದೆ, ಅಷ್ಟೇ.'

ಅವಳ ಮುಖದಿಂದ ಆಸೆ ಹೋಯಿತು. ಹೋದದ್ದನ್ನು ಅವನು ನೋಡಿದ. ಅದು ಹೋದ ಜಾಗಕ್ಕೆ ನಿಧಾನವಾಗಿ ಇನ್ನೊಂದು ಬಂತು, ಅದು ಕೃತಜ್ಞತೆ, ಅದನ್ನೂ ನೋಡಿದ. ಅವಳ ಕಣ್ಣು ತುಂಬಿತು.

'ನಿಮ್ಮ ಬಗ್ಗೆ ಏನೇನೋ ಅಂದ್ಕೊಂಡ್ಬಿಟ್ಟೆ ಸರ್. ಒಂದು ನಿಮಿಷ. ಕ್ಷಮಿಸಿ.' ಸೆರಗಿನಿಂದ ಮೂಗು ಒರೆಸಿಕೊಂಡಳು. 'ಹಾಗಾದ್ರೆ ಆ ತುಂಡು ಇಟ್ಕೊಂಡು ಏನು ಮಾಡ್ಲಿ. ನಾಳೆ ತೆಗೆದು ಹಾಕಿಬಿಡ್ತೀನಿ.'

'ಹೂಂ' ಎಂದ.

ಇ-ರಿಕ್ಷಾ ಬಂದು ನಿಂತಿತು. 'ಚಲಿಯೇ ಸಾಬ್, ಬಾಟಾ ಚೌಕ್' ಎಂದ ಭಯ್ಯಾ. ಧಾರಿಣಿ ಸುತ್ತ ಒಮ್ಮೆ ನೋಡಿ, ಬಗ್ಗಿ, ರಸ್ತೆಯ ಧೂಳಿನಲ್ಲಿದ್ದ ಅವನ ಎರಡೂ ಕಾಲು ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. ಕಾಲಿಗೆ ಬೀಳುವ ವಿದ್ಯಾರ್ಥಿಗಳನ್ನು ಅವನು ಗದರಿಸಿ ಎಬ್ಬಿಸುತ್ತಿದ್ದ. ಈ ಸಲ ಅವಳು ತಾನಾಗಿ ಏಳುವವರೆಗೂ ಅಲುಗಾಡದೆ ನಿಂತಿದ್ದ.